ಅಕ್ಷರಕ್ಕಿಷ್ಟು

ಜನವರಿ ಬಂತೆಂದರೆ ಕಿಟುಯಿ ಪೇಟೆಯಲ್ಲಿ
ನನ್ನ ಕುಂಚಕ್ಕೆ ಬಿಡುವಿಲ್ಲ.
ತಗಡು ಬಡಿಯುವ ಮುಟುಂಗಾ
ಪೆಟ್ಟಿಗೆ ಮುಗಿಸಿ ಇತ್ತ ತಳ್ಳುತ್ತಾನೆ,
ಮುಚ್ಚಳಕ್ಕೆ ಹೆಸರು ಬರೆಯುವವನು ನಾನು, ಮುಥೋಕಾ,
ನಲವತ್ತೈದು ವರ್ಷದಿಂದ, ಇದೇ ಜಾಲಿಮರದ ಬುಡದಲ್ಲಿ.
ಬೋರ್ಡಿಂಗಿಗೆ ಹೊರಟವರಿಗೆ ಮೊದಲು ಪೆಟ್ಟಿಗೆ,
ಆಮೇಲೆ ಬೀಗ,
ಆಮೇಲೆ, ಸಿಕ್ಕಿದರೆ, ಧೈರ್ಯ.

ನನ್ನಪ್ಪನ ಕಾಲಕ್ಕೆ ಇದೊಂದೂ ಇರಲಿಲ್ಲ.
ಮಾಸ್ತರು ಹುಡುಗರನ್ನು ಸಾಲು ನಿಲ್ಲಿಸಿ
ಬಲಗೈ ನೆತ್ತಿಯ ಮೇಲಿಂದ ಹಾಯಿಸಿ
ಎಡಗಿವಿ ಮುಟ್ಟು ಅನ್ನುತ್ತಿದ್ದರು.
ಎಟುಕಿದರೆ ಶಾಲೆ, ಎಟುಕದಿದ್ದರೆ ಆಡು ಕಾಯುವುದು.
ಅಜ್ಜಿ ಮೂರು ತಿಂಗಳು ಹರಳೆಣ್ಣೆ ತಿಕ್ಕಿ
ಅವನ ತೋಳು ಎಳೆಯುತ್ತಿದ್ದಳಂತೆ. ಅಷ್ಟೇ ತಯಾರಿ.
ಕಿವಿಯೇನೋ ಎಟುಕಿತು.
ಅಂಗಿ ಇರಲಿಲ್ಲ, ಹಾಗಾಗಿ ಆಡೇ ಆಯಿತು.
ಮುದುಕನಾದ ಮೇಲೂ ಕುಡಿದ ದಿನ
ನೆತ್ತಿಯ ಮೇಲಿಂದ ಕಿವಿ ಹಿಡಿದು ತೋರಿಸುತ್ತಿದ್ದ:
ನೋಡು, ಈಗಲೂ.

ಎಂಬತ್ತೇಳರಲ್ಲಿ ಕಸ್ಯೋಕಿ ಬಂದ, ಮಗಳ ಜೊತೆ.
ಪೆಟ್ಟಿಗೆಗೆ ಒಂದು ಆಡು ಮಾರಿದ್ದ, ಹಾಸಿಗೆಗೆ ಇನ್ನೊಂದು,
ಫೀಸಿಗೆ ಎಷ್ಟೆಂದು ನಾನು ಕೇಳಲಿಲ್ಲ.
ಅಕ್ಷರಕ್ಕೆ ಐವತ್ತು ಸೆಂಟ್ ಅಂದೆ.
ಸ್ಯೋಂಬುವಾ. ನಾವು ಬರೆಯುವ ಲಿಪಿಯಲ್ಲಿ ಏಳಕ್ಷರ.
ಎರಡೂ ಜೇಬು ತಡವಿದ, ನಾಲ್ಕಕ್ಕಾಗುವಷ್ಟಿತ್ತು.
ನಾನಾಗ ಎಳಸು; ಬಣ್ಣ ಸಾಲದ್ದು, ಮನೆ ಬಾಡಿಗೆಯದು.
ನಾಲ್ಕೇ ಬರೆದೆ. ಸ್ಯೋಮ್.
ಹುಡುಗಿ ಓದಿದಳು, ಒಮ್ಮೆ ನನ್ನ ಮುಖ ನೋಡಿದಳು.
ಬಸ್ಸಿನ ನೆತ್ತಿಯ ಮೇಲೆ
ಅವಳ ಮುಕ್ಕಾಲು ಹೆಸರೂ ಅಲ್ಲದ್ದು ಹೋಯಿತು.

ಈಗಿನ ಪಟ್ಟಿ ಮೂರು ಪುಟ.
ಎರಡೂವರೆ ಅಂಗುಲದ ಹಾಸಿಗೆ, ಇಂಥದೇ ನೀಲಿಯ ಬಕೆಟ್,
ಬಾರ್ ಸೋಪು, ಕ್ಯಾಲ್ಕುಲೇಟರ್, ಎರಡು ಬೀಗ
(ಒಂದನ್ನು ಹೇಗೂ ಕಳೆದುಕೊಳ್ಳುತ್ತಾರೆಂದು ಶಾಲೆಗೂ ಗೊತ್ತು).
ಸೂಪರ್‌ಮಾರ್ಕೆಟ್ಟಿನವರು ಎಲ್ಲ ಒಟ್ಟಿಗೇ ಕಟ್ಟಿ ಕೊಡುತ್ತಾರೆ,
ಹೆಸರಿನ ಸ್ಟಿಕ್ಕರು ಬಿಟ್ಟಿ.
ಕೆಲವು ಶಾಲೆಗೆ ಹೆಸರೂ ಬೇಡ, ನಂಬರು ಸಾಕು.
ನನ್ನ ಹತ್ತಿರ ಬರುವವರು ಹಳೇ ಪೆಟ್ಟಿಗೆಯವರು.

ಮೊನ್ನೆ ಬಂದ ಹೆಂಗಸಿನ ಗುರುತು ಸಿಗಲಿಲ್ಲ,
ಪೆಟ್ಟಿಗೆಯ ಗುರುತು ಸಿಕ್ಕಿತು. ನಾಲ್ಕಕ್ಷರ, ನನ್ನದೇ ಕೈ.
ಕೆರೆದು ಮಗಳ ಹೆಸರು ಬರೆಯಲೇ ಅಂತ ಚಾಕು ತೆಗೆದೆ.
ಬೇಡ ಅಂದಳು. ಮೊದಲು ಇದನ್ನು ಮುಗಿಸಿ.
ನಾಲ್ಕು ವರ್ಷವೂ ಎಲ್ಲರೂ ನನ್ನನ್ನು ಹಾಗೇ ಕರೆದರು,
ಹಾಜರಿಯಲ್ಲೊಂದು, ಬಾಯಲ್ಲೊಂದು.
ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಮೂರಕ್ಷರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.
ಇಪ್ಪತ್ತೇಳರ ಕೈಯನ್ನು ಅರವತ್ತು ದಾಟಿದ ಕೈ
ನಕಲು ಮಾಡುವುದು ಸುಲಭವಲ್ಲ;
ಆಗ ಗೆರೆಯ ಕೊನೆಯಲ್ಲಿ ಬಾಲ ಎಳೆಯುತ್ತಿದ್ದೆ,
ಏಕೆಂದು ಈಗ ನೆನಪಿಲ್ಲ.
ಬಾಲ ಎಳೆದೆ. ಸ್ವಲ್ಪ ನಡುಗಿತು.
ಅದರ ಕೆಳಗೆ ಕಾನಿನಿ, ಹೊಸ ಕೆಂಪಿನಲ್ಲಿ.

ಮೂರು ಅಕ್ಷರಕ್ಕೆ ದುಡ್ಡು ಬೇಡವೆಂದೆ, ಕೇಳಲಿಲ್ಲ;
ಹಳೇ ದರದ ಒಂದೂವರೆ ಶಿಲ್ಲಿಂಗನ್ನೂ ಸೇರಿಸಿ
ಫೋನಿನಲ್ಲೇ ಹಾಕಿದಳು.
ನನ್ನ ಜೇಬು ಗುನುಗಿತು. ತೆಗೆದು ನೋಡಿದರೆ
ಅವಳ ಹೆಸರು, ಅಪ್ಪನ ಹೆಸರು, ದೊಡ್ಡಕ್ಷರದಲ್ಲಿ, ಪೂರ್ತಿ,
ಒಂದಕ್ಷರಕ್ಕೂ ಕಾಸು ಕೇಳದೆ.

ಕಾನಿನಿಗೆ ಇದ್ಯಾವುದೂ ಬೇಕಿರಲಿಲ್ಲ.
ಎರಡು ಗಂಟೆಗೆ ಬಸ್ಸು, ಬಣ್ಣ ಇನ್ನೂ ಹಸಿ.
ಪಟ್ಟಿಯ ಮೂರೂ ಪುಟ ಮಡಚಿ
ಮುಚ್ಚಳಕ್ಕೆ ಗಾಳಿ ಬೀಸುತ್ತ ಕೂತಳು,
ಮೊದಲು ತನ್ನ ಹೆಸರಿಗೆ,
ಆಮೇಲೆ ಅಮ್ಮ ಕಣ್ಣು ಬಿಟ್ಟದ್ದಕ್ಕೆ
ಆ ಮೂರಕ್ಕೂ.